ಅಂಡಮಾನಿಗೆ ಹೋದ ಶಾರದಾಬಾಯಿ

ಶಾರದಾಬಾಯಿ ಕಿಣ್ಣಿ ಸುಲ್ತಾನದ ಜಗದೇವಪ್ಪನವರ ಮಗಳು. ಆ ಮನೆತನದಲ್ಲಿ ಮೆಟ್ರಿಕ್ ದಾಟಿದ ಮೊದಲ ಹೆಣ್ಣು. ಅಫಜಲಪುರದಲ್ಲಿ ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಳು. ಚೆನ್ನಾಗಿಯೇ ಕಲಿಸುತ್ತಿದ್ದಳು. ಬಸವಣ್ಣನವರ ಪಾಠ ಬಂದರೆ, ಮನುಷ್ಯರ ನಡುವೆ ಮುಟ್ಟುಮೈಲಿಗೆ ಇಲ್ಲವೆಂದು ಮೇಜು ಬಡಿದು ಹೇಳುವಳು. ಆಮೇಲೆ ಬಂದು, ಜವಾನ ಉಸ್ಮಾನಸಾಬ ತುಂಬಿಟ್ಟ ಕೊಡವನ್ನು ಬಿಟ್ಟು ಮನೆಯಿಂದ ತಂದ ತಂಬಿಗೆಯ ನೀರು ಕುಡಿಯುವಳು. ವರ್ಷಾನುಗಟ್ಟಲೆ ಹೀಗೇ ನಡೆಯಿತು. ಯಾರೂ ಆ ಮಾತು ಎತ್ತಲಿಲ್ಲ, ಉಸ್ಮಾನಸಾಬನೂ.

೧೯೮೬ರ ಬೇಸಿಗೆ ರಜೆಯಲ್ಲಿ ಉಸ್ಮಾನಸಾಬನೂ ಸೇರಿ ಶಾಲೆಯವರೆಲ್ಲ ಅಂಡಮಾನಿಗೆ ಹೋದೆವು. ಮದ್ರಾಸಿನಿಂದ ಹಡಗು, ಅಲ್ಲಿಂದ ಸಣ್ಣದೊಂದು ದ್ವೀಪಕ್ಕೆ ದೋಣಿ. ಅಲ್ಲಿಯ ಗಂಡಸರು ಬಲೆಯನ್ನು ತೆಂಗಿನಮರಗಳ ನಡುವೆ ಒಣಹಾಕಿ ಅದರ ನೆರಳಿನಲ್ಲೇ ಮಲಗಿರುತ್ತಿದ್ದರು. ಮನೆಗಳಿಗೆ ಬಾಗಿಲು ಹಾಕುವ ರೂಢಿಯಿಲ್ಲ. ಗಣಿತದ ಗಂಗಾಬಾಯಿ, "ಇಲ್ಲಿಗೇ ಬದ್ಲಿ ಮಾಡಿಸ್ಕೋತೇನ್ರಿ. ಇನ್‌ಸ್ಪೆಕ್ಟರ್ ಬಂದ್ರೂ ಮಕ್ಕೊಂಡೇ ಮಾತಾಡ್ಸಬಹುದು" ಎಂದು ನಗಿಸಿದಳು.

ಬೆಳಿಗ್ಗೆ ಹವಳ ನೋಡಲು ದೋಣಿಯಲ್ಲಿ ಹೊರಟೆವು. ನೀರು ತಿಳಿಯಾಗಿತ್ತು, ತಳ ಕಾಣುತ್ತಿತ್ತು. ಶಾರದಾಬಾಯಿ ಅಂಚಿಗೆ ಬಾಗಿ ನೋಡುವಾಗ ಹಳೆಯ ಶಿವದಾರ ಹರಿದು, ಕೊರಳಿನ ಇಷ್ಟಲಿಂಗ ಸುತ್ತಿದ್ದ ಬಟ್ಟೆಯಿಂದ ಜಾರಿ ಸಮುದ್ರಕ್ಕೆ ಬಿತ್ತು. ಪಕ್ಕದಲ್ಲಿದ್ದ ನಾನೊಬ್ಬಳೇ ಅದನ್ನು ನೋಡಿದೆ. ಲಿಂಗ ಮೈಮೇಲಿಲ್ಲದೆ ಹನಿ ನೀರೂ ಮುಟ್ಟದವಳು ಅವಳು. ಇನ್ನೊಂದು ಲಿಂಗ ಬೇಕೆಂದರೆ ಊರಿನ ಮಠದ ಗುರುಗಳೇ ಕಟ್ಟಬೇಕು, ಊರು ಸಮುದ್ರದಾಚೆ.

ಅವಳು ಸೆರಗು ಹೊದ್ದಳು. ಒಂದು ಕಿವಿಯ ಬೆಂಡೋಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೂಗಿದಳು:

"ಉಸ್ಮಾನಸಾಬ, ನನ್ನ ಬೆಂಡೋಲಿ ಬಿತ್ತಪಾ, ಬಂಗಾರದ್ದು! ಕೆಳಗ ಏನ್ ಸಿಕ್ರೂ ಬಾಚ್ಕೊಂಡು ಬಾ!"

ನನ್ನ ಕಿವಿಯಲ್ಲಿ, "ತಿಳೀದೇ ಮುಟ್ಟಿದ್ರ ದೋಷ ಇಲ್ರಿ" ಎಂದಳು.

"ತಿಳಿಸಿದ್ರ ಏನಾಗ್ತದ?" ಎಂದೆ.

ಉಸ್ಮಾನಸಾಬ ಘತ್ತರಗಿಯವನು. ಯಾತ್ರಿಕರು ಭೀಮೆಗೆ ಎಸೆದ ತೆಂಗಿನಕಾಯಿಗಳನ್ನು ಮುಳುಗಿ ತೆಗೆಯುತ್ತ ಬೆಳೆದವನು. ನೆರೆಗೂದಲಿನ ಅವನು ಅಂಗಿ ಬಿಚ್ಚುವುದನ್ನು ಕಂಡು ದೋಣಿಯವನು ನಕ್ಕ. ಎರಡು ಸಲ ಮುಳುಗಿ ಮುರಿದ ಹವಳವನ್ನಷ್ಟೇ ತಂದ. ಮತ್ತೆ ಮುಳುಗಿ ಎದ್ದವನು ದೋಣಿಯ ಅಂಚು ಹಿಡಿದು ಏದುಸಿರು ಬಿಟ್ಟ.

"ಬಾಯಾರ್ರಿ, ಬಂಗಾರ ಕಾಣವಲ್ದ್ರಿ. ಖರೇ, ನಿಮ್ಮ ಲಿಂಗ ಅಲ್ಲಿ ಬಿದ್ದದ, ಹವಳದ ಸಂದ್ಯಾಗ. ನಾ ಮುಟ್ಟಿಲ್ರಿ."

ದೋಣಿಯಲ್ಲಿದ್ದವರೆಲ್ಲ ಶಾರದಾಬಾಯಿಯ ಕಡೆ ತಿರುಗಿದರು. ಅವನೇ ಮುಂದುವರಿಸಿದ:

"ಅದಿಲ್ಲಂದ್ರ ನೀವು ನೀರೂ ಕುಡ್ಯಾಂಗಿಲ್ಲ. ಹೇಳ್ರಿ, ಮುಟ್ಲೋ ಬ್ಯಾಡೋ?"

"ಯವ್ವಾ, ಲಿಂಗ ಬಿತ್ತು ಅಂತ ಹೇಳ್ಬಾರ್ದೇನ್ ಬೇ! ಬೆಂಡೋಲಿ ಅಂತ ಬೆಂಡೋಲಿ!" ಎಂದಳು ಗಂಗಾಬಾಯಿ.

ಶಾರದಾಬಾಯಿ ತಲೆ ಎತ್ತದೆ "ತಾ" ಎಂದಳು.

"ಅರಬಿ ಏನರೆ ಕೊಡ್ತೀರೇನ್ರಿ, ಸುತ್ಕೊಂಡು ತರ್ಲಿಕ್ಕೆ?"

ಅವನ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಬೇಡ, ಕೈಯಲ್ಲೇ ತಾ ಎನ್ನಲು ಅವಳಿಗೆ ಅದೊಂದು ಅವಕಾಶವಿತ್ತು. ಅವಳು ಕರವಸ್ತ್ರ ಕೊಟ್ಟಳು. ಅವನು ಮತ್ತೆ ಮುಳುಗಿ ಲಿಂಗವನ್ನು ಅದರಲ್ಲಿ ಕಟ್ಟಿ, ಗಂಟಿನ ತುದಿಯನ್ನಷ್ಟೇ ಎರಡು ಬೆರಳಿನಲ್ಲಿ ಹಿಡಿದು, ತನ್ನ ಮೈಗೆ ತಾಗದಂತೆ ಕೈ ಚಾಚಿ ತಂದುಕೊಟ್ಟ. ಆಗ ಅವಳ ಮುಖ ಕುತ್ತಿಗೆಯವರೆಗೂ ಕೆಂಪೇರಿತು.

ಮಧ್ಯಾಹ್ನ ದಂಡೆಯ ಮನೆಯೊಂದರವರು ಅಂಗಳದಲ್ಲಿ ಬಾಳೆಲೆ ಹಾಕಿ ಅನ್ನ ಬೇಳೆ ಬಡಿಸಿದರು. ಶಾರದಾಬಾಯಿ ಲಿಂಗಪೂಜೆ ಮುಗಿಸಿ ಬಂದು ಕೂತಳು. ಉಸ್ಮಾನಸಾಬ ದೂರದಲ್ಲಿ ತಲೆ ವಾಲಿಸಿ ಕಿವಿಯ ನೀರು ಹೊರಗೆ ಬರಿಸುತ್ತಿದ್ದ. ಅವಳು ಎದ್ದು ನಿಂತಳು.

"ಉಸ್ಮಾನಸಾಬ್, ಇಲ್ಲಿ ಬರ್ರಿ. ನನ್ನ ಬಾಜೂಕ ಕುಂದರ್ರಿ."

ಅವನನ್ನು ಅವಳು ಬಹುವಚನದಲ್ಲಿ ಕರೆದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು.

"ಇಲ್ಲೇ ಗಾಳಿ ಛಲೋ ಅದ್ರಿ ಬಾಯಾರ್ರಿ. ನೀವು ಉಣ್ರಿ, ಹಸ್ದೀರಿ."

ಅವಳು ಕೂತಳು. ಅನ್ನ ಕಲಸಿದಳು. ಲಿಂಗ ಕೊರಳಲ್ಲಿತ್ತು, ಉಣ್ಣಲು ಯಾವ ಅಡ್ಡಿಯೂ ಇರಲಿಲ್ಲ. ತುತ್ತು ಮಾತ್ರ ಮೇಲೇಳಲಿಲ್ಲ.

"ಯಾಕ್ ಬೇ, ಉಣವಲ್ಲಿ?" ಎಂದಳು ಗಂಗಾಬಾಯಿ.

"ಇಳೀವಲ್ದು" ಎಂದು ಶಾರದಾಬಾಯಿ ಎಲೆಯನ್ನು ಅನ್ನದ ಸಮೇತ ಮಡಚಿ ಎದ್ದಳು.