ಗುನ್ವೋರ್ ಮುಚ್ಚಿದ ಮುಚ್ಚಳ

ವೆಸ್ತರ್‌ಹೋಲ್ಮ ದ್ವೀಪದಲ್ಲಿ ಅಕ್ಟೋಬರ್ ಬಂತೆಂದರೆ ದೋಣಿಗಳೆಲ್ಲ ಗುನ್ವೋರಳ ಶೆಡ್ಡಿನ ಕಡೆ ಮುಖ ಮಾಡುತ್ತಿದ್ದವು. ಸಮುದ್ರ ಹೆಪ್ಪುಗಟ್ಟುವ ಮೊದಲು ಅವನ್ನು ದಡಕ್ಕೆಳೆದು, ಎಂಜಿನ್ನಿನ ಹೊಟ್ಟೆಯಲ್ಲಿ ಉಳಿದ ನೀರು ತೆಗೆದು, ಗ್ಲೈಕಾಲ್ ತುಂಬಬೇಕು. ಗುಲಾಬಿ ಬಣ್ಣದ ಆ ದ್ರವ ನಮ್ಮ ಚಳಿಗೆ ಗಟ್ಟಿಯಾಗುವುದಿಲ್ಲ. ನೀರು ಹಾಗಲ್ಲ, ಒಳಗೇ ಮಂಜುಗಡ್ಡೆಯಾಗಿ ಉಬ್ಬಿ ಕಬ್ಬಿಣವನ್ನೂ ಸೀಳಿಬಿಡುತ್ತದೆ. ಗುನ್ವೋರ್ ಈ ಕೆಲಸವನ್ನು ಅಪ್ಪನಿಂದ ಕಲಿತಿದ್ದಳು. ಬಕೆಟ್ಟಿಗೆ ಪೈಪು ಇಳಿಬಿಟ್ಟು ಎಂಜಿನ್ ಚಾಲೂ ಮಾಡಿದಳೆಂದರೆ, ಹಿಂದಿನ ಹೊಗೆ ಕೊಳವೆಯಿಂದ ಗುಲಾಬಿ ನೀರು ಬೀಳುವವರೆಗೆ ಕದಲುತ್ತಿರಲಿಲ್ಲ. ಬಿದ್ದ ಮೇಲೂ ಅಂಗೈ ಒಡ್ಡಿ, ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದಳು.

"ಇನ್ನೂ ಎಷ್ಟ್ ಹೊತ್ತು ನೋಡ್ತೀಯೇ? ಅದೇನು ಪಾದ್ರಿ ಕೊಡೋ ವೈನಾ?" ಎಂದು ಮುದುಕ ಬಿರ್ಗರ್ ಕೆಣಕುತ್ತಿದ್ದ. ಅವಳು ನಗುತ್ತಿರಲಿಲ್ಲ.

ನಾನು ಆಗ ದ್ವೀಪಕ್ಕಿದ್ದ ಒಂದೇ ಅಂಗಡಿಯನ್ನು ನಡೆಸುತ್ತಿದ್ದೆ. ನನ್ನ ಹಿತ್ತಿಲಿಗೂ ಅವಳ ಶೆಡ್ಡಿಗೂ ನಡುವೆ ಒಂದು ಬಂಡೆ ಮಾತ್ರ. ಅವಳು ಮದುವೆಯಾಗಿರಲಿಲ್ಲ. ಇದ್ದವನು ಒಬ್ಬ ತಮ್ಮ, ರೂನಾರ್. ಹೆರಿಂಗ್ ಮೀನು ಹಿಡಿಯುವವನು. ಮಾತುಗಾರ, ಹಾಡುಗಾರ, ಕುಡಿತದಲ್ಲೂ ಹೆಸರು ಮಾಡಿದವನು. ಮಗಳು ತೂವಾ ಹುಟ್ಟಿದ ಮೇಲೆ ಕುಡಿತ ಕಡಿಮೆ ಮಾಡಿದ್ದ. ಒಂದು ಮೇ ತಿಂಗಳು ಬಲೆ ಎತ್ತಲು ಹೊರಗಡಲಿಗೆ ಹೋದವನು ಹಿಂದಿರುಗಲಿಲ್ಲ. ಮರುದಿನ ಬೆಳಿಗ್ಗೆ ಹುಡುಕಲು ಹೋದ ಗುನ್ವೋರಳಿಗೇ ದೋಣಿ ಸಿಕ್ಕಿತು. ಒಂದು ಬೋಳು ಬಂಡೆಯ ಪಕ್ಕದಲ್ಲಿ ಅರ್ಧ ನೀರು ತುಂಬಿಕೊಂಡು ತೇಲುತ್ತಿತ್ತು. ಒಳಗೆ ಅರ್ಧ ಖಾಲಿಯಾದ ಬಾಟಲಿ ಉರುಳಾಡುತ್ತಿತ್ತು. ಕಾವಲು ದೋಣಿಯವರು ಒಂಬತ್ತು ದಿನ ಹುಡುಕಿದರೂ ಹೆಣ ಸಿಗಲಿಲ್ಲ.

ಕುಡಿದು ಬಿದ್ದ ಎಂದು ಊರು ತೀರ್ಮಾನಿಸಿತು. ದ್ವೇಷದಿಂದಲ್ಲ, ಸುಮ್ಮನೆ. ಬರಬರುತ್ತಾ ಅದು ಆಡುಮಾತೇ ಆಯಿತು. ಯಾರಾದರೂ ಎರಡು ಗ್ಲಾಸ್ ಹೆಚ್ಚು ಹಾಕಿದರೆ, "ರೂನಾರನ ದಾರಿ ಹಿಡೀಬೇಡಪ್ಪ" ಎನ್ನುತ್ತಿದ್ದರು. ಅವನ ಹೆಂಡತಿ ದೀಸಾ ಅಂಗಡಿಯಲ್ಲಿ ನಿಂತಿದ್ದಾಗಲೂ ಅಂದದ್ದುಂಟು. ದೀಸಾ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋಗುತ್ತಿದ್ದಳು. ತೂವಾ ಓದಲು ಆಚೆ ದಡಕ್ಕೆ ಹೋದವಳು ಕ್ರಿಸ್‌ಮಸ್ಸಿಗೆ ಮಾತ್ರ ಬರುತ್ತಿದ್ದಳು. ಅಪ್ಪನ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದಳು.

ಆ ದೋಣಿಯನ್ನು ಗುನ್ವೋರ್ ಮಾರಲಿಲ್ಲ, ಒಡೆಯಲೂ ಇಲ್ಲ. ಶೆಡ್ಡಿನ ಕೊನೆಯ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಇಟ್ಟಿದ್ದಳು. ಮೊದಲ ಹಿಮ ಬೀಳುವ ದಿನಗಳಲ್ಲಿ ಅವಳ ಅಡುಗೆಮನೆಯಲ್ಲಿ ಕಾಫಿಗೆ ಕೂತರೆ, ಅವಳು ಕಪ್ಪು ಕೆಳಗಿಟ್ಟು ಕಿವಿಗೊಡುತ್ತಿದ್ದಳು.

"ನಿಂಗೂ ಕೇಳಿಸ್ತಾ?"

"ಏನು?"

"ಸ್ಪ್ಯಾನರ್ ಸದ್ದು. ಕಬ್ಬಿಣದ ಮೇಲೆ ಕುಟ್ತಾ ಇದಾನೆ."

ಇಲ್ಲ ಎನ್ನುತ್ತಿದ್ದೆ. ಒಂದೇ ಒಂದು ಸಲ, ಮಟಮಟ ಮಧ್ಯಾಹ್ನ, ಸೌದೆ ತರಲು ಹಿತ್ತಿಲಿಗೆ ಹೋದಾಗ ನನಗೂ ಕೇಳಿಸಿತು. ಮೂರು ಏಟು, ಸ್ವಲ್ಪ ಬಿಟ್ಟು ಮತ್ತೆರಡು. ಶೆಡ್ಡಿಗೆ ಹೊರಗಿಂದ ಬೀಗ. ಗುನ್ವೋರ್ ದೋಣಿಕಟ್ಟೆಯಲ್ಲಿ ಹಗ್ಗ ಸುತ್ತುತ್ತಿದ್ದುದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ಚಳಿಗೆ ತಗಡು ಬಿಗಿದುಕೊಂಡಿರಬೇಕು ಎಂದುಕೊಂಡೆ. ಆದರೂ ಸೌದೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದೆ.

ರೂನಾರ್ ಹೋಗಿ ಹದಿನೇಳು ವರ್ಷವಾದ ಅಕ್ಟೋಬರಿನಲ್ಲಿ ದೀಸಾ ಮತ್ತು ನಾನು ಒಟ್ಟಿಗೆ ಶೆಡ್ಡಿಗೆ ಹೋದೆವು. ನನ್ನ ಪುಟ್ಟ ದೋಣಿಯ ಕೆಲಸ ಮುಗಿಯಿತಾ ಎಂದು ಕೇಳಬೇಕಿತ್ತು. ದೀಸಾ ಗಂಡನ ಅಕ್ಕನಿಗೆಂದು ಕಪ್ಪು ಬ್ರೆಡ್ಡು ತಂದಿದ್ದಳು. ಬಾಗಿಲು ತೆರೆದಿತ್ತು. ಮೂಲೆಯಲ್ಲಿ ಟಾರ್ಪಾಲು ಸರಿಸಿತ್ತು. ಗುನ್ವೋರ್ ರೂನಾರನ ದೋಣಿಯೊಳಗೆ ಮಂಡಿಯೂರಿ, ಆ ಸತ್ತ ಎಂಜಿನ್ನಿಗೆ ಕೈಯಾರೆ ಗ್ಲೈಕಾಲ್ ಸುರಿಯುತ್ತಿದ್ದಳು. ಅದು ಎಂಜಿನ್ನಿನ ಪಕ್ಕದ ಸೀಳಿನಿಂದ ಜಿನುಗಿ ಕೆಳಗಿನ ತಟ್ಟೆಗೆ ಬೀಳುತ್ತಿತ್ತು. ತಟ್ಟೆ ತುಂಬಿದಾಗ ಎತ್ತಿ ಮತ್ತೆ ಸುರಿದಳು. ಮತ್ತೆ ಜಿನುಗಿತು. ಮತ್ತೆ ಸುರಿದಳು. ಪ್ರತಿ ವರ್ಷವೂ ಹಾಗೆ ಮಾಡುತ್ತಿದ್ದಳೆಂದು ಆಮೇಲೆ ತಿಳಿಯಿತು.

"ಅದು ಸತ್ತ ಎಂಜಿನ್ ಅಲ್ವಾ, ಗುನ್ವೋರ್?" ಎಂದಳು ದೀಸಾ.

ಗುನ್ವೋರ್ ತಿರುಗಿ ನೋಡಿದಳು. ತಟ್ಟೆಯನ್ನು ಕೆಳಗಿಟ್ಟು, ಕೈ ಒರೆಸಿಕೊಳ್ಳದೆ, ಇದ್ದದ್ದನ್ನೆಲ್ಲ ಹೇಳಿದಳು.

ರೂನಾರ್ ಸಾಯುವ ಹಿಂದಿನ ಶರತ್ಕಾಲದಲ್ಲಿ ಅವಳು ಎಲ್ಲರ ದೋಣಿ ಮುಗಿಸಿ ತಮ್ಮನದನ್ನು ಕೊನೆಗೆ ಉಳಿಸಿಕೊಂಡಿದ್ದಳು. ಮನೆಯವನದು ತಾನೇ, ನಾಳೆ ಮಾಡಿದರಾಯಿತು ಎಂದು. ಅಂದೇ ರಾತ್ರಿ ಯಾರೂ ಎಣಿಸದ ಚಳಿ ಬಿತ್ತು. ಬೆಳಿಗ್ಗೆ ಸುರಿದ ಗ್ಲೈಕಾಲ್ ಒಳಗೆ ಇಳಿಯಲಿಲ್ಲ, ಉಳಿದಿದ್ದ ನೀರು ಮಂಜುಗಡ್ಡೆ ಕಟ್ಟಿತ್ತು. ದೀಪದ ಶಾಖ ಕೊಟ್ಟು ಕರಗಿಸಿ, ತುಂಬಿ, ಆಯಿತು ಎಂದು ತಮ್ಮನಿಗೆ ಹೇಳಿದಳು. ಬಿರುಕು ಕಣ್ಣಿಗೆ ಬೀಳಲಿಲ್ಲ. ಅವಳೂ ಕಣ್ಣಿಟ್ಟು ಹುಡುಕಲಿಲ್ಲ. ವಸಂತದಲ್ಲಿ ಎಂಜಿನ್ ಕೆಲವು ವಾರ ಓಡಿತು. ಕೂದಲೆಳೆಯಂಥ ಆ ಬಿರುಕು ಹೊರಗಡಲಲ್ಲಿ ಬಾಯಿ ಬಿಟ್ಟು, ತಂಪಿಗೆಂದು ಎಂಜಿನ್ ಎಳೆದುಕೊಂಡ ಕಡಲ ನೀರು ದೋಣಿಯೊಳಗೇ ಸುರಿಯಿತು.

"ನಾನು ಹೋದಾಗ ಎಂಜಿನ್ ಮುಚ್ಚಳ ತೆಗೆದಿತ್ತು," ಎಂದಳು. "ಸಾಮಾನೆಲ್ಲ ಹರಡಿತ್ತು. ಅವನು ರಿಪೇರಿ ಮಾಡ್ತಾ ಇದ್ದ ದೀಸಾ. ನಾನು ಸಾಮಾನು ಪೆಟ್ಟಿಗೆಗೆ ಹಾಕಿ, ಮುಚ್ಚಳ ಮುಚ್ಚಿ, ಆಮೇಲೆ ಜನರನ್ನ ಕರೆದೆ. ಬಾಟ್ಲಿ ಮಾತ್ರ ಇದ್ದಲ್ಲೇ ಬಿಟ್ಟೆ."

ದೀಸಾ ಬ್ರೆಡ್ಡಿನ ಗಂಟನ್ನು ಎದೆಗೊತ್ತಿ ಹಿಡಿದಿದ್ದಳು.

"ಹದಿನೇಳು ವರ್ಷ ನನ್ನ ಗಂಡನ್ನ ಕುಡುಕ ಅಂದ್ರು. ಮಗಳು ಅದನ್ನೇ ಕೇಳ್ತಾ ಬೆಳೆದ್ಲು. ನೀನು ನಮ್ಮನೇಲಿ ಕೂತು ಕಾಫಿ ಕುಡೀತಿದ್ದೆ."

"ಹೌದು."

"ನಂಗೆ ಹೇಳಿದ್ದು ಸಾಕಾಗಲ್ಲ. ಆಡ್ಕೊಂಡೋರಿಗೆಲ್ಲ ಹೇಳು. ನಾನೂ ಅಲ್ಲಿರ್ತೀನಿ."

ಬ್ರೆಡ್ಡನ್ನು ಕೊಡದೆ ವಾಪಸು ಹೋದಳು.

ಶನಿವಾರ ಬೆಳಿಗ್ಗೆ ಟಪಾಲಿನ ದೋಣಿ ಬರುವ ಹೊತ್ತಿಗೆ ಇಡೀ ಊರು ನನ್ನ ಅಂಗಡಿಯಲ್ಲಿ ಸೇರುವುದು ರೂಢಿ. ಗುನ್ವೋರ್ ಕೆಲಸದ ಬಟ್ಟೆಯಲ್ಲೇ ಬಂದಳು. ದೀಸಾ ಬಾಗಿಲ ಬಳಿ ನಿಂತಿದ್ದಳು. ಗುನ್ವೋರ್ ಗಲ್ಲಾ ಪಕ್ಕದಲ್ಲಿ ನಿಂತು, ಶೆಡ್ಡಿನಲ್ಲಿ ಹೇಳಿದ್ದನ್ನೇ ಮೊದಲಿಂದ ಹೇಳಿದಳು. ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಹಾಗಾದರೆ ಅವನು ಕುಡಿದೇ ಇರಲಿಲ್ಲವೇ ಎಂದು ಯಾರೋ ಕೇಳಿದರು.

"ಕುಡಿದಿದ್ನೋ ಇಲ್ವೋ ನಂಗೊತ್ತಿಲ್ಲ," ಎಂದಳು. "ಎಂಜಿನ್ ಒಡೆದದ್ದು ನನ್ನಿಂದ. ಅದು ಗೊತ್ತು."

ಬಿರ್ಗರ್ ಟೋಪಿ ತೆಗೆದು ದೀಸಾಳ ಎದುರು ನಿಂತ. ಮತ್ತೆ ಹಾಕಿಕೊಂಡ. ಮರುವರ್ಷ ನಾಲ್ಕು ಮನೆಯವರು ತಮ್ಮ ದೋಣಿಯನ್ನು ಆಚೆ ದಡಕ್ಕೆ ಒಯ್ದರು. ಉಳಿದವರು ಗುನ್ವೋರಳಲ್ಲಿಗೇ ಬಂದರು. ದೀಸಾ ಮಾತ್ರ ಅವಳ ಹೊಸ್ತಿಲು ತುಳಿಯಲಿಲ್ಲ.

ಗುನ್ವೋರ್ ಒಪ್ಪಿಕೊಂಡ ವರ್ಷದ ನವೆಂಬರಿನಲ್ಲೇ ತೂವಾ ಬಂದಳು. ಇಪ್ಪತ್ತಾರರ ಹೆಂಗಸು, ಅಪ್ಪನದೇ ಹುಬ್ಬು. ನೇರ ಶೆಡ್ಡಿಗೆ ಹೋಗಿ, ದೋಣಿ ಸಿಕ್ಕ ಜಾಗ ತೋರಿಸು ಎಂದಳಂತೆ. ಸೀಸದ ಬಣ್ಣದ ಕಡಲು, ಗಾಳಿಯಿಲ್ಲ. ನೀರು ಇನ್ನೂ ಹೆಪ್ಪುಗಟ್ಟಿರಲಿಲ್ಲ, ಇಬ್ಬರೂ ಗುನ್ವೋರಳ ದೋಣಿಯಲ್ಲಿ ಹೊರಗಡಲಿಗೆ ಹೋದರು. ಆಮೇಲಿನದು ಗುನ್ವೋರ್ ನನಗೆ ಹೇಳಿದ್ದು.

ಬಂಡೆಯ ಬಳಿ ತೂವಾ ಎಂಜಿನ್ ನಿಲ್ಲಿಸಲು ಹೇಳಿದಳು.

"ಏನೇನು ಎಲ್ಲೆಲ್ಲಿ ಬಿದ್ದಿತ್ತು ಹೇಳು ಅತ್ತೆ. ಒಂದನ್ನೂ ಬಿಡ್ಬೇಡ."

ಗುನ್ವೋರ್ ಹೇಳಿದಳು. ದೊಡ್ಡ ಸ್ಪ್ಯಾನರ್ ಪಂಪಿನ ಮೇಲೆ. ಟಾರ್ಚು ಉರಿದು ಉರಿದು ಬ್ಯಾಟರಿ ಮುಗಿದಿತ್ತು. ರೂನಾರ್ ತನ್ನ ಸ್ವೆಟರಿನ ಒಂದು ತೋಳನ್ನು ಕತ್ತರಿಸಿ ಬಿರುಕಿಗೆ ಬಿಗಿಯಾಗಿ ಸುತ್ತಿದ್ದ. ಎರಡು ಕಡೆ ಗಂಟು ಹಾಕಿದ್ದ.

"ಗಂಟು ಸರಿಯಾಗಿತ್ತಾ?"

"ಸರಿಯಾಗಿತ್ತು. ನಂಗೇ ಬಿಚ್ಚೋಕಾಗ್ಲಿಲ್ಲ. ಕೊಯ್ದು ತೆಗೆದೆ."

ತೂವಾ ನೀರನ್ನು ನೋಡುತ್ತಾ ಕೂತಳು. ದೋಣಿ ತಾನಾಗಿ ಒಂದು ಸುತ್ತು ತಿರುಗಿತು. ಹೋಗೋಣ ಎಂದು ಅವಳೇ ಹೇಳಿದಳು. ದಾರಿಯುದ್ದಕ್ಕೂ ಅತ್ತೆಗೆ ಬೆನ್ನು ಹಾಕಿ ಕೂತಿದ್ದಳು. ದೋಣಿಕಟ್ಟೆಯಲ್ಲಿ ಮೊದಲು ಇಳಿದು, ಗುನ್ವೋರ್ ಎಸೆದ ಹಗ್ಗವನ್ನು ಹಿಡಿದು ಗೂಟಕ್ಕೆ ಕಟ್ಟಿ, ತಾಯಿಯ ಮನೆಯ ಕಡೆ ಏರು ಹತ್ತಿದಳು.