ತಾರಸಿಯ ಮೇಲಿನ ಪ್ಲೈವುಡ್ ಹಲಗೆಗಳು

ನಮ್ಮ ಕಾಲೇಜಿನ ಹೊಸ ಕಟ್ಟಡದ ಉಸಿರು ಕಟ್ಟಿಸಿದವನು ನಾನು. ಗಾಳಿ ಹೊರಹೋಗುವ ಕಿಂಡಿಗಳಿಗೆ ಹಲಗೆ ಹೊಡೆಸಿದೆ, ಹೊಡೆಸಿದ್ದನ್ನು ಮರೆತೆ, ಕೇಳಿದಾಗ ಸುಳ್ಳು ಹೇಳಿದೆ. ಆ ಸುಳ್ಳಿನ ಭಾರ ಹೊತ್ತವರು ದೇಚಮ್ಮ — ಆ ಕಟ್ಟಡದ ಆರ್ಕಿಟೆಕ್ಟ್. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ ಹೇಳಲಿಲ್ಲ; ಈಗ ಹೇಳೋಣವೆಂದರೆ ಅವಳಿಲ್ಲ.

ದೆಹಲಿಯ ಒಂದು ಕಾಲೇಜಿನಲ್ಲಿ ನಾನು ಕೇರ್‌ಟೇಕರ್ ಆಗಿದ್ದೆ. ನಲ್ಲಿ ಸೋರಿದರೂ ಫ್ಯಾನು ನಿಂತರೂ ನನಗೇ ಕರೆ, ‘ಮೂರ್ತಿಜೀ ಕೋ ಬುಲಾವೋ’. ಹೆಂಡತಿಗೆ ಕೇಂದ್ರ ಸರ್ಕಾರದ ಕೆಲಸವಿದ್ದುದರಿಂದ ಆರ್.ಕೆ.ಪುರಂನ ಕ್ವಾರ್ಟರ್ಸಿನಲ್ಲಿದ್ದೆವು. ಮನೆಯ ಹೊಸಿಲು ದಾಟಿದರೆ ನನ್ನ ಕನ್ನಡಕ್ಕೆ ಕೆಲಸವಿರಲಿಲ್ಲ. ಅಂಥದ್ದರಲ್ಲಿ ಹೊಸ ಕಟ್ಟಡದ ನಕ್ಷೆ ಹಿಡಿದು ಬಂದ ಹೆಂಗಸು ನನ್ನ ಹೆಸರು ಕೇಳಿದ್ದೇ, “ಅಯ್ಯೋ, ನೀವು ಕನ್ನಡದವ್ರಾ?” ಎಂದಾಗ ನನಗೆ ಹಬ್ಬವಾಯಿತು. ಅವರು ಕೊಡಗಿನವರು, ತಂದೆ ಸೈನ್ಯದಲ್ಲಿದ್ದವರು. ಅವರು ಸೈಟಿಗೆ ಬರುವ ದಿನ ನನ್ನ ಡಬ್ಬಿಯಲ್ಲಿ ಎರಡು ಪಾಲು ಚಿತ್ರಾನ್ನ ಇರುತ್ತಿತ್ತು. ಕಟ್ಟಡದ ಮಾತಿಗಿಂತ ಹೆಚ್ಚಾಗಿ ಊಟದ ಮಾತು, ಹವೆಯ ಮಾತು, ಹೀಗೇ ಏನೇನೋ — ಆಡುವುದಕ್ಕೆ ಒಬ್ಬರು ಇದ್ದರಲ್ಲ ಎನ್ನುವುದೇ ದೊಡ್ಡದು.

ಅವರ ಕಟ್ಟಡಕ್ಕೆ ಏಸಿ ಇರಲಿಲ್ಲ. ನೆಲದಡಿಯ ಕೊಳವೆಗಳಲ್ಲಿ ಹಾದು ತಣ್ಣಗಾದ ಗಾಳಿ ತರಗತಿಗಳಿಗೆ ಬರಬೇಕು. ಬಿಸಿಗಾಳಿ ಮೇಲೇರಿ ತಾರಸಿಯ ಗೋಪುರದ ಕಿಂಡಿಗಳಿಂದ ಹೊರಗೆ ಹೋಗಬೇಕು. ನನ್ನನ್ನು ತಾರಸಿಗೆ ಕರೆದೊಯ್ದು ತೋರಿಸಿದ್ದರು. “ಮೇಲೆ ಹೋದ್ರೇನೇ ಕೆಳಗೆ ಬರೋದು, ಮೂರ್ತಿಯವ್ರೇ. ಬೇಸಿಗೇಲಿ ಈ ಕಿಂಡಿ ಮುಚ್ಚಿತೋ, ಎಲ್ಲಾ ಮುಗೀತು. ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದೀನಿ.” ನಾನು ದೊಡ್ಡದಾಗಿ ತಲೆಯಾಡಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಉದ್ಘಾಟನೆಯಾಯಿತು. ದೀಪಾವಳಿ ಕಳೆದದ್ದೇ ಊರಿಗೆ ಹೊಗೆ ಕವಿಯಿತು. ಮಕ್ಕಳು ಕೆಮ್ಮುತ್ತ ಪರೀಕ್ಷೆ ಬರೆಯುತ್ತಿದ್ದರು. ಪ್ರಿನ್ಸಿಪಾಲರು ಕರೆದು, “ಮೂರ್ತಿಜೀ, ಕುಛ್ ಕೀಜಿಯೇ,” ಏನಾದರೂ ಮಾಡಿ, ಎಂದರು. ದೇಚಮ್ಮನವರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು — ಹೊಗೆಯ ದಿನಗಳಿಗೆಂದೇ ಕೊಳವೆಯ ಬಾಯಿಗೆ ಫಿಲ್ಟರು ಹಾಕುವ ಏರ್ಪಾಡು ಅವರು ಮಾಡಿಟ್ಟಿದ್ದರಂತೆ, ಅದು ನನಗೆ ಆಮೇಲೆ ಗೊತ್ತಾಯಿತು. ನನಗೋ ಹುರುಪು. ಮೇಲೆ ಗಾಳಿ ಹೋಗದಿದ್ದರೆ ಕೆಳಗೆ ಹೊಗೆಯೂ ಬರುವುದಿಲ್ಲವೆಂದು ಹೊರಗಿನಿಂದ ಬಡಗಿಯನ್ನು ಕರೆಸಿ ತಾರಸಿಯ ಕಿಂಡಿಗಳಿಗೆಲ್ಲ ಪ್ಲೈವುಡ್ ಹಲಗೆ ಹೊಡೆಸಿಬಿಟ್ಟೆ. ಏನು ಮಾಡಿದೆನೆಂದು ಪ್ರಿನ್ಸಿಪಾಲರು ಕೇಳಲಿಲ್ಲ. ‘ಅಚ್ಛಾ ಕಿಯಾ’ ಎಂದು ಬೆನ್ನು ತಟ್ಟಿದರು.

ಹೋಳಿ ಹೊತ್ತಿಗೆ ಹಲಗೆ ತೆಗೆಸಬೇಕಿತ್ತು. ಆಗ ಹೆಂಡತಿಗೆ ಕಾಯಿಲೆ ಶುರುವಾಗಿತ್ತು ಎನ್ನಬಹುದು, ಅದು ಸುಳ್ಳಲ್ಲ. ಆದರೆ ಆ ದಿನಗಳಲ್ಲಿ ನಾನು ಆಫೀಸಿಗೆ ಹೋಗುತ್ತಿದ್ದೆ, ಚಹಾ ಕುಡಿಯುತ್ತಿದ್ದೆ, ಹರಟೆ ಹೊಡೆಯುತ್ತಿದ್ದೆ. ತಾರಸಿಗೆ ಹೋಗಲಿಲ್ಲ, ಅಷ್ಟೆ.

ಮೇ ತಿಂಗಳಲ್ಲಿ ಕಟ್ಟಡ ಕಾದ ಕಾವಲಿಯಾಯಿತು. ಪಾಠ ಮಾಡುತ್ತಿದ್ದ ಒಬ್ಬ ಮೇಡಂ ತಲೆ ಸುತ್ತಿ ಬಿದ್ದರು. ಆಡಳಿತ ಮಂಡಳಿ ಸಭೆ ಕರೆಯಿತು, ದೇಚಮ್ಮನವರನ್ನೂ ಕರೆಸಿತು. ಒಬ್ಬೊಬ್ಬರಾಗಿ ಮಾತಿನಲ್ಲೇ ಇರಿದರು. ದೇಚಮ್ಮನವರು ನಕ್ಷೆ ಬಿಡಿಸಿ ಶಾಂತವಾಗಿಯೇ ವಿವರಿಸುತ್ತಿದ್ದರು. ಆದರೆ ಕಟ್ಟಡ ಗಾಳಿಯನ್ನು ಯಾಕೆ ಎಳೆದುಕೊಳ್ಳುತ್ತಿಲ್ಲ ಎನ್ನುವುದು ಅವರಿಗೇ ತಿಳಿಯುತ್ತಿರಲಿಲ್ಲ. ಆಗ ಮೂಲೆಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

“ಮೂರ್ತಿಯವ್ರೇ, ಮೇಲಿನ ಕಿಂಡಿ ಎಲ್ಲಾ ತೆಗೆದೇ ಇದೆ ತಾನೇ?”

ಹಲಗೆಗಳು ನೆನಪಾದದ್ದು ಆ ಕ್ಷಣದಲ್ಲೇ — ಆ ಕ್ಷಣದವರೆಗೆ ನಾನು ಮರೆಗುಳಿ ಮಾತ್ರ ಆಗಿದ್ದೆ. ಆ ಕೋಣೆಯಲ್ಲಿ ಆ ಪ್ರಶ್ನೆ ಅರ್ಥವಾದದ್ದು ನನಗೊಬ್ಬನಿಗೇ. ಕನ್ನಡದಲ್ಲೇ ‘ಇಲ್ಲ’ ಎಂದಿದ್ದರೂ ಸಾಕಿತ್ತು, ಅವರು ಹೇಗಾದರೂ ಸಂಭಾಳಿಸುತ್ತಿದ್ದರೇನೋ. ನಾನು ಮಂಡಳಿಯ ಅಧ್ಯಕ್ಷರ ಮುಖ ನೋಡಿದೆ. ಎಲ್ಲಾ ತೆರೆದಿದೆ ಎಂದು ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ ಹೇಳಿದೆ:

“ಜೀ ಮೇಡಂ, ಸಬ್ ಖುಲಾ ಹೈ.”

ಅವರು ತಾರಸಿ ಹತ್ತಿ ನೋಡಲಿಲ್ಲ. ನಾನು ಹೇಳಿದ ಮೇಲೆ ನೋಡುವುದೇನಿದೆ? ನಕ್ಷೆ ಮಡಿಸಿಟ್ಟು, “ಹಾಗಾದರೆ ತಪ್ಪು ನನ್ನ ಲೆಕ್ಕದಲ್ಲೇ ಇದೆ,” ಎಂದು ಇಂಗ್ಲಿಷಿನಲ್ಲಿ ಎಲ್ಲರ ಮುಂದೆ ಒಪ್ಪಿಕೊಂಡರು. ಮಾಡದ ತಪ್ಪನ್ನು ಅವರು ಅಷ್ಟು ನೇರವಾಗಿ ಒಪ್ಪಿಕೊಂಡಾಗ ಮಾಡಿದ ನಾನು ಅಲ್ಲೇ ನಿಂತಿದ್ದೆ, ನೀರಿನ ಲೋಟಗಳನ್ನು ಸರಿಮಾಡುತ್ತ.

ಏಸಿ ಹಾಕಿಸುವುದೆಂದು ತೀರ್ಮಾನವಾಯಿತು. ಕಾಲೇಜಿಗೆ ರಜೆ ಬಿದ್ದ ಮೇಲೆ ನಾನೊಬ್ಬನೇ ತಾರಸಿಗೆ ಹೋಗಿ ಹಲಗೆಗಳನ್ನು ಕಿತ್ತೆ. ಮರುದಿನ ಮಧ್ಯಾಹ್ನ ಹೊರಗೆ ಬೆಂಕಿಯಂಥ ಬಿಸಿಗಾಳಿ, ‘ಲೂ’, ಬೀಸುತ್ತಿತ್ತು. ಕೆಳಗಿನ ತರಗತಿಯ ಬಾಗಿಲು ತೆರೆದೆ. ಒಳಗೆ ತಂಪು. ಗೋಡೆಯ ಬುಡದ ಜಾಲರಿಯಿಂದ ಕಾಲಿಗೆ ತಣ್ಣನೆಯ ಗಾಳಿ ತಾಕುತ್ತಿತ್ತು. ಖಾಲಿ ಬೆಂಚೊಂದರಲ್ಲಿ ಕೂತೆ. ಇಡೀ ಕಟ್ಟಡದಲ್ಲಿ ನಾನೊಬ್ಬನೇ. ಅವರ ಲೆಕ್ಕ ಸರಿ ಎಂದು ಇಡೀ ದೆಹಲಿಯಲ್ಲಿ ಗೊತ್ತಿದ್ದವನೂ ನಾನೊಬ್ಬನೇ. ಅತ್ತೆ — ಅತ್ತು ಏನು ಬಂತು? ಏಸಿಯವರು ಬಂದರು. ಕಿಂಡಿಗಳನ್ನು ಇಟ್ಟಿಗೆ ಸಿಮೆಂಟು ಇಟ್ಟು ಮುಚ್ಚಿದರು. ಮೇಲ್ವಿಚಾರಣೆ ನನ್ನದೇ.

ಅಲ್ಲಿಂದ ಮುಂದೆ ನಾನು ಅವರಿಗೆ ಫೋನ್ ಮಾಡಲಿಲ್ಲ. ಕನ್ನಡ ಆಡಲು ಸಿಕ್ಕಿದ್ದ ಒಬ್ಬರನ್ನೂ ಕೈಯಾರೆ ಕಳೆದುಕೊಂಡೆ. ನಿವೃತ್ತನಾದೆ, ಹೆಂಡತಿ ಹೋದಳು, ಈಗ ಘಾಜಿಯಾಬಾದಿನ ಫ್ಲಾಟಿನಲ್ಲಿ ಒಬ್ಬನೇ ಇದ್ದೇನೆ. ಮಗಳು ಆಗಾಗ ಬಂದು ಹಿಂದಿಯಲ್ಲಿ ವಿಚಾರಿಸಿ ಹೋಗುತ್ತಾಳೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಉಣ್ಣುತ್ತಿದ್ದೇನೆ.

ಕಳೆದ ತಿಂಗಳು ಕನ್ನಡಿಗರ ಒಂದು ಕೂಟದಲ್ಲಿ ಅವರು ಸಿಕ್ಕರು. ಕೂದಲು ನರೆತಿತ್ತು. ಈಗ ಗುರುಗ್ರಾಮದ ಆಫೀಸುಗಳಿಗೆ ಒಳಾಂಗಣ ಮಾಡಿಕೊಡುತ್ತಾರಂತೆ, ಕಿಟಕಿಯನ್ನೇ ತೆರೆಯಲಾಗದ ಗಾಜಿನ ಕಟ್ಟಡಗಳಿಗೆ. “ಅಂಥ ಕಟ್ಟಡ ಮತ್ತೆ ಮಾಡ್ಲಿಲ್ಲ. ಧೈರ್ಯ ಬರ್ಲಿಲ್ಲ,” ಎಂದು ನಕ್ಕರು. “ಲೆಕ್ಕ ಎಲ್ಲಿ ತಪ್ತು ಅಂತ ಈಗ್ಲೂ ಒಂದೊಂದ್ಸಲ ತೆಗೆದು ನೋಡ್ತೀನಿ.”

ಅಲ್ಲೇ, ಊಟದ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಹೇಳಿಬಿಟ್ಟೆ. ಹಲಗೆ, ಸುಳ್ಳು, ಆ ಮಧ್ಯಾಹ್ನ — ಎಲ್ಲವನ್ನೂ.

ಅವರು ರೇಗಲಿಲ್ಲ. ತಟ್ಟೆಯನ್ನು ಮೇಜಿನ ಮೇಲಿಟ್ಟರು. “ತಣ್ಣಗಿತ್ತಾ?” ಎಂದು ಕೇಳಿದರು.

“ತುಂಬಾ ತಣ್ಣಗಿತ್ತು.”

“ನನ್ನನ್ನ ಕರೀಬೇಕಿತ್ತು, ಮೂರ್ತಿಯವ್ರೇ. ಯಾರಿಗೂ ಹೇಳ್ತಿರ್ಲಿಲ್ಲ. ಸುಮ್ನೆ ಬಂದು ಒಂದು ಗಳಿಗೆ ಕೂತು ಹೋಗ್ತಿದ್ದೆ.”

ಊಟಕ್ಕೆ ನಿಲ್ಲದೆ ಹೊರಟುಹೋದರು.

ಕಾಲೇಜು ಇನ್ನೊಂದು ಕಟ್ಟಡ ಕಟ್ಟಿಸಲಿದೆಯಂತೆ. ‘ಹಿಂದಿನ ಹಾಗೆ ಪ್ರಯೋಗ ಬೇಡ’ ಎನ್ನುತ್ತಿದ್ದಾರಂತೆ. ಸೋಮವಾರ ಹೋಗಿ ಅದೇ ಸಭಾಕೋಣೆಯಲ್ಲಿ ದೇಚಮ್ಮನವರ ಹೆಸರು ಹೇಳಿ, ನನ್ನ ಹೆಸರು ಹೇಳಿ, ನಡೆದದ್ದನ್ನು ಹೇಳುತ್ತೇನೆ. ಕೇಳುತ್ತಾರೋ ಇಲ್ಲವೋ ಗೊತ್ತಿಲ್ಲ. ಕೇಳಿದರೂ ದೇಚಮ್ಮನವರು ಕಟ್ಟದೆ ಬಿಟ್ಟ ಕಟ್ಟಡಗಳು ಇನ್ನು ಏಳುವುದಿಲ್ಲ.