ಮುಸಾಫಿರಖಾನೆ

ನಾನಿರುವ ಊರಿನ ಹೆಸರು ಹೇಳಿದರೆ ಸಾಕು, ಶಿಕಾಗೋದಿಂದ ಡೆಟ್ರಾಯ್ಟ್‌ವರೆಗಿನ ಕನ್ನಡಿಗರೆಲ್ಲ ಒಂದೇ ಮಾತು ಹೇಳುತ್ತಾರೆ. ನೀವು ಪುಣ್ಯವಂತರು ಅಂತ. ಮಿಶಿಗನ್ ಸರೋವರದ ದಂಡೆಯ ಊರು. ಆಚೆ ದಡ ಕಾಣುವುದಿಲ್ಲ, ಅಲೆ ಏಳುತ್ತದೆ, ಕಾಲು ಸುಡುವ ಮರಳಿದೆ. ಉಪ್ಪಿಲ್ಲ ಅನ್ನುವುದೊಂದು ಬಿಟ್ಟರೆ ಸಮುದ್ರವೇ. ಬೇಸಿಗೆ ಶುರುವಾದರೆ ಜನ ಬಂದು ಬೀಳುತ್ತಾರೆ. ಬೇಸಿಗೆ ಮುಗಿಯುತ್ತಲೇ ಐಸ್‌ಕ್ರೀಮ್ ಅಂಗಡಿಯವರು, ಮೀನಿನ ಹೋಟೆಲಿನವರು, ಸೈಕಲ್ ಬಾಡಿಗೆಗೆ ಕೊಡುವವರು ಎಲ್ಲ ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಉಳಿಯುವುದು ಗಾಳಿ, ಹಿಮ ಮತ್ತು ನಾನು. ಪುಣ್ಯದ ಈ ಭಾಗವನ್ನು ನೋಡಲು ಇಲ್ಲಿಯವರೆಗೆ ಯಾರೂ ಬಂದಿಲ್ಲ.

ನಾನು ಇಲ್ಲಿ ಮಕ್ಕಳ ಡಾಕ್ಟರು. ಸರೋವರ ನೋಡಿ ಆಸೆಪಟ್ಟು ಬಂದವಳಲ್ಲ. ಇಲ್ಲಿ ತರಬೇತಿ ಮುಗಿಸಿದ ನನ್ನಂಥ ಪರದೇಶದ ಡಾಕ್ಟರು ತನ್ನ ದೇಶಕ್ಕೆ ವಾಪಸು ಹೋಗಬೇಕು, ಇಲ್ಲವೇ ಡಾಕ್ಟರು ಸಿಗದ ಊರೊಂದರಲ್ಲಿ ಮೂರು ವರ್ಷ ದುಡಿಯಬೇಕು. ನನಗೆ ಸಿಕ್ಕಿದ್ದು ಈ ಊರು. ಚಳಿಗಾಲದಲ್ಲಿ ಕೆಮ್ಮು, ಬೇಸಿಗೆಯಲ್ಲಿ ಕಿವಿನೋವು, ಬಿಸಿಲಿಗೆ ಸುಟ್ಟ ಬೆನ್ನು, ಬೆರಳಿಗೆ ಚುಚ್ಚಿಕೊಂಡ ಮೀನಿನ ಗಾಳ. ಬೇಸಿಗೆಯ ಅಮ್ಮಂದಿರು ನನ್ನ ಮುಖ ನೋಡಿ, ನೀವು ಹೆದ್ದಾರಿ ಪಕ್ಕದ ಮೋಟೆಲಿನವರೇ ಎಂದು ಕೇಳುತ್ತಾರೆ. ಕೊರಳಲ್ಲಿ ಸ್ಟೆತಸ್ಕೋಪು ತೂಗುತ್ತಿರುತ್ತದೆ. ಆದರೂ ಕೇಳುತ್ತಾರೆ. ರಜೆಯೂರಿನಲ್ಲಿ ನಮ್ಮ ಬಣ್ಣದವರು ಮೋಟೆಲ್ ನಡೆಸಬೇಕು ಅನ್ನುವುದು ಅವರ ಲೆಕ್ಕ. ಮೊದಲ ಬೇಸಿಗೆಯಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಎರಡನೆಯ ಬೇಸಿಗೆಯ ಹೊತ್ತಿಗೆ, ಅವರು ಕೇಳಿದ್ದರಲ್ಲಿ ತಪ್ಪೇನಿದೆ ಅನ್ನುವ ಸ್ಥಿತಿಗೆ ಬಂದಿದ್ದೆ.

ಗಂಡ ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ ಕಾರು ಕಂಪನಿಯೊಂದರ ಎಂಜಿನಿಯರು. ಏಳು ವರ್ಷದ ಮಗಳು ಅವನ ಜೊತೆಗೇ ಇದ್ದಳು. ಊರಲ್ಲಿ ಯಾರದೇ ಹೆರಿಗೆಯಾದರೂ ಕೂಸನ್ನು ನೋಡಲು ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡುವ ನನ್ನ ಹತ್ತಿರ ಮಗುವನ್ನು ಬಿಡುವುದು ಹೇಗೆ? ಆದರೆ ಆ ವರ್ಷ ಸೆಪ್ಟೆಂಬರಿನಿಂದ ಇನ್ನೊಬ್ಬ ಡಾಕ್ಟರು ಸೇರುವವರಿದ್ದರು. ನನ್ನ ರಾತ್ರಿ ಡ್ಯೂಟಿ ಅರ್ಧಕ್ಕರ್ಧ ಇಳಿಯುತ್ತಿತ್ತು. ಮಗಳನ್ನು ಇಲ್ಲಿನ ಶಾಲೆಗೆ ಸೇರಿಸೋಣ ಎಂದು ನಾನು ಚಳಿಗಾಲವಿಡೀ ಗಂಡನ ತಲೆ ತಿಂದೆ. ಕಡೆಗೆ ಅವನು ಒಂದು ಮಾತಿಗೆ ಬಂದ.

"ಮೊದಲ ಅಕೀಗೆ ಊರು ಸೇರಬೇಕಲ್ಲ. ಈ ಬ್ಯಾಸಿಗಿ ಪ್ರತಿ ಶನಿವಾರ ಕರಕೊಂಡು ಬರ್ತೀನಿ. ಆಮ್ಯಾಲೆ ಅಕೀನ ಹೇಳ್ಲಿ, ಇಲ್ಲಿ ಇರ್ತಾಳೋ ಅಲ್ಲಿ ಇರ್ತಾಳೋ."

ನ್ಯಾಯವಾದ ಮಾತು. ನನ್ನ ಮಗಳು ನನ್ನ ಜೊತೆ ಇರುವುದು ಆ ಬೇಸಿಗೆಯ ಶನಿವಾರ ಭಾನುವಾರಗಳ ಮೇಲೆ ನಿಂತಿತು.

ಆ ಶನಿವಾರ ಭಾನುವಾರಗಳನ್ನು ನಮ್ಮ ಜನ ತಿಂದು ಹಾಕಿದರು.

ಶುರುವಾದದ್ದು ಯುಗಾದಿಯ ಊಟದಲ್ಲಿ. ಶಿಕಾಗೋ ಕಡೆಯ ಕನ್ನಡದವರು ಸೇರಿದ್ದರು. ಓಕ್ ಬ್ರೂಕ್‌ನ ಆಂಟಿಯೊಬ್ಬರು ನನ್ನ ಪಕ್ಕ ಕೂತಿದ್ದರು. ಮೈಸೂರಿನವರು, ಅರವತ್ತು ದಾಟಿದವರು, ಬಲು ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ಕೆಟ್ಟವರಾಗಿದ್ದರೆ ನನ್ನ ಕಷ್ಟ ಎಷ್ಟೋ ಕಡಿಮೆಯಾಗುತ್ತಿತ್ತು. ಊರು ಎಲ್ಲಿ ಎಂದು ಕೇಳಿದರು, ಹೇಳಿದೆ. ಹೇಳಿ ಸುಮ್ಮನಿರಬೇಕಿತ್ತು. ವಿಜಯಪುರದ ಕಡೆಯ ನಾಲಿಗೆ ಸುಮ್ಮನಿರುತ್ತದೆಯೇ? "ಬರ್ರೆಲಾ ಒಮ್ಮೆ" ಅಂದುಬಿಟ್ಟೆ. ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಕರೆದು ಮೈಮೇಲೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ನಮ್ಮಲ್ಲಿ 'ಬನ್ನಿ' ಅನ್ನುವುದು ಮರ್ಯಾದೆಯ ಮಾತು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೂ ಅನ್ನುತ್ತೇವೆ. ಕೇಳಿಸಿಕೊಂಡವರು ಆಗಲಿ ಆಗಲಿ ಅಂದು ತಮ್ಮ ಬಸ್ಸು ಹತ್ತುತ್ತಾರೆ. ಬರುವುದಿಲ್ಲ. ಈ ಒಪ್ಪಂದದ ಮೇಲೇ ನಮ್ಮ ನಾಡಿನ ಸೌಜನ್ಯ ಇಷ್ಟು ಕಾಲ ನಿಂತಿದೆ. ಆದರೆ 'ಬನ್ನಿ' ಅಂದವಳ ಮನೆಯ ಪಕ್ಕ ಬೀಚು ಇದ್ದರೆ, ಒಂದು ರಾತ್ರಿಗೆ ಅಲ್ಲಿನ ಹೋಟೆಲುಗಳು ಕೇಳುವ ರೇಟು ಕೇಳಿ ಹೌಹಾರುವ ಹಾಗಿದ್ದರೆ, ಒಪ್ಪಂದ ಮುರಿಯುತ್ತದೆ. ಆಂಟಿ ಅಂಕಲ್ ಮೇ ಕೊನೆಯಲ್ಲಿ ಬಂದರು. ಹೋದ ಮೇಲೆ ಫೋಟೋಗಳನ್ನು ವಾಟ್ಸ್ಯಾಪ್ ಗುಂಪಿಗೆ ಹಾಕಿದರು. ಮುಂದಿನ ವಾರ ಅವರ ಪರಿಚಯದವರು ಬಂದರು. ಅದರ ಮುಂದಿನ ವಾರ ಅತ್ತ ಡೆಟ್ರಾಯ್ಟ್ ಕಡೆಯಿಂದ, ವಿಕ್ಸಮ್‌ನ ಒಂದು ಸಂಸಾರ ಬಂತು. ಅವರ ಪರಿಚಯ ನನಗೆ ಆದದ್ದೇ ಅವರು ನನ್ನ ಬಾತ್‌ರೂಮಿನಿಂದ ತಲೆ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ.

ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಕೂಲರ್ ತುಂಬ ಇಡ್ಲಿ ಹಿಟ್ಟು, ಪುಳಿಯೋಗರೆ ಗೊಜ್ಜು, ಕಲ್ಲಂಗಡಿ ತರುತ್ತಿದ್ದರು. ಆದರೂ ಒಗ್ಗರಣೆ ಹಾಕುವವಳು ನಾನೇ. ಶನಿವಾರ ಬೆಳಗ್ಗೆ ಮೂರು ತಾಸು ಕಾರಿನಲ್ಲಿ ಕೂತು ಬಂದ ಮಗಳು ಬಾಗಿಲಲ್ಲಿ ನಿಂತು, ಒಳಗಿನ ಚಪ್ಪಲಿಗಳನ್ನು ನೋಡಿ, ಇವತ್ತು ಯಾರು ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. ಅವಳಿಗಾಗಿ ಹಳದಿ ಬಣ್ಣ ಬಳಿಸಿದ್ದ ಕೋಣೆಯಲ್ಲಿ ಯಾರದೋ ಅಂಕಲ್ ಗೊರಕೆ ಹೊಡೆಯುತ್ತಿರುತ್ತಿದ್ದರು. ಅವಳು ಹಾಲ್‌ನಲ್ಲಿ ಗಾಳಿ ತುಂಬಿದ ಹಾಸಿಗೆಯ ಮೇಲೆ ಮಲಗುತ್ತಿದ್ದಳು. ಬೀಚಿಗೆ ಹೋಗೋಣ ಎಂದು ಸೆರಗು, ಅಂದರೆ ಟೀಶರ್ಟಿನ ತುದಿ, ಹಿಡಿದು ಎಳೆಯುತ್ತಿದ್ದಳು. ತಡಿ ಪುಟ್ಟಾ, ಇದೊಂದು ಉಪ್ಪಿಟ್ಟು ಆಗಲಿ ಅನ್ನುತ್ತಿದ್ದೆ. ಉಪ್ಪಿಟ್ಟು ಆಗುವಷ್ಟರಲ್ಲಿ ಇನ್ನೊಬ್ಬರಿಗೆ ಕಾಫಿ. ನನ್ನ ಹೊಟ್ಟೆ ಉರಿಯುತ್ತಿತ್ತು, ಬಾಯಿ ಮಾತ್ರ ಇನ್ನೊಂಚೂರು ಹಾಕ್ಕೊಳ್ರಿ ಅನ್ನುತ್ತಿತ್ತು. ಮಗಳು ಅಪ್ಪನ ಜೊತೆ ಬೀಚಿಗೆ ಹೋಗಿ ಬರುತ್ತಿದ್ದಳು. ಅಪ್ಪನ ಜೊತೆ ಇರಲು ಅವಳು ಅಷ್ಟು ದೂರ ಬರಬೇಕಿರಲಿಲ್ಲ.

ಕ್ಲಿನಿಕ್ಕಿನಲ್ಲಿ ನನ್ನ ಜೊತೆಗಿದ್ದ ನರ್ಸ್ ಟರ್ಕಿಯವಳು. ಅವಳು ಹುಟ್ಟಿ ಬೆಳೆದದ್ದೂ ಒಂದು ಕಡಲತಡಿಯ ರಜೆಯೂರಿನಲ್ಲಿ. ನನ್ನ ಗೋಳು ಕೇಳಿ ನಕ್ಕಳು. ಅವರಲ್ಲಿ ಬೇಸಿಗೆ ಬಂದರೆ ಅಮ್ಮ ಮಕ್ಕಳನ್ನು ಛಾವಣಿಯ ಮೇಲೆ ಮಲಗಿಸಿ ಕೋಣೆಗಳನ್ನು ನೆಂಟರಿಗೆ ಬಿಟ್ಟುಕೊಡುತ್ತಿದ್ದಳಂತೆ. ಅವರ ಭಾಷೆಯಲ್ಲಿ ಮನೆಗೆ ಬಂದ ಅತಿಥಿಗೆ ಮಿಸಾಫಿರ್ ಅನ್ನುತ್ತಾರೆಂದು ಹೇಳಿದಳು. ನನಗೆ ಥಟ್ಟನೆ ನಮ್ಮ ಕಡೆಯ ಮುಸಾಫಿರಖಾನೆ ಅನ್ನುವ ಛತ್ರ ನೆನಪಾಯಿತು. ನಮ್ಮಲ್ಲಿ ಮುಸಾಫಿರ್ ಅಂದರೆ ದಾರಿಹೋಕ. ಗಂಟು ತಲೆಗಿಟ್ಟುಕೊಂಡು ಒಂದು ರಾತ್ರಿ ಮಲಗಿ ಬೆಳಗ್ಗೆ ಎದ್ದು ಹೋಗುವವನು. ಅದೇ ಪದ ಅವರಲ್ಲಿ ನಡುಮನೆಗೆ ಬಂದು ಕೂತುಬಿಟ್ಟಿದೆ. ನನ್ನ ಮನೆಗೂ ಅದೇ ಆಗಿದೆ ಎಂದೆ. ಹುಷಾರಿಲ್ಲ ಎಂದು ಹೇಳಿಬಿಡು, ಅವರಾಗಿಯೇ ದೂರ ಇರುತ್ತಾರೆ ಎಂದು ಅವಳು ಉಪಾಯ ಹೇಳಿಕೊಟ್ಟಳು.

ಜುಲೈ ಮುಗಿಯುತ್ತಾ ಬಂದಿತ್ತು. ಒಂದು ಗುರುವಾರ ಮಗಳು ಫೋನಿನಲ್ಲಿ ಮೆಲ್ಲಗೆ, ಈ ವಾರ ತಾನು ಬರಲೇಬೇಕಾ ಎಂದು ಕೇಳಿದಳು.  ಈ ವಾರ ಯಾರೂ ಇರುವುದಿಲ್ಲ, ನೀನು ನಾನು ಅಷ್ಟೇ ಎಂದು ಮಾತು ಕೊಟ್ಟೆ. ಆ ಕೂಡಲೇ ಓಕ್ ಬ್ರೂಕ್‌ಗೆ ಫೋನು ಮಾಡಿದೆ. ಆ ಶನಿವಾರ ಆಂಟಿ ಅಂಕಲ್ ಮತ್ತೆ ಬರುವುದೆಂದು ಆಗಿತ್ತು. ಬರಬೇಡಿ ಅನ್ನಬೇಕೆಂದೇ ಫೋನು ಹಿಡಿದದ್ದು. ಎಳೆಯ ಮಗುವಿಗೆ ಕ್ಯಾನ್ಸರ್ ಇದೆ ಎಂದು ತಾಯಿಗೆ ಹೇಳಿದ ಬಾಯಿ ಇದು. ಆದರೆ ಬರಬೇಡಿ ಅನ್ನಲು ಅದಕ್ಕೆ ಆಗಲಿಲ್ಲ. ಜ್ವರ ಬಂದಿದೆ ಆಂಟಿ ಎಂದೆ. ಅಯ್ಯೋ ಪಾಪ ಎಂದರು. ಫೋನಿಟ್ಟು ನೆಮ್ಮದಿಯಿಂದ ಉಸಿರು ಬಿಟ್ಟೆ.

ಶನಿವಾರ ಮಗಳು ಬಂದಳು. ಬಾಗಿಲಲ್ಲಿ ಚಪ್ಪಲಿಗಳಿರಲಿಲ್ಲ. ತಿಂಡಿ ಗಿಂಡಿ ಏನೂ ಮಾಡದೆ, ಸೀರಿಯಲ್ ತಿಂದು, ಗಂಡನನ್ನು ಮನೆಯಲ್ಲಿ ಮಲಗಲು ಬಿಟ್ಟು ಇಬ್ಬರೇ ಹೋದೆವು. ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಂಬತ್ತೆಂಟು ಡಿಗ್ರಿ ಬಿಸಿಲು, ನೀರು ಇನ್ನೂ ತಣ್ಣಗೆ. ಅವಳಿಗೆ ಅಲೆಗೆ ಬೆನ್ನು ಕೊಟ್ಟು ನಿಲ್ಲುವುದು ಹೇಗೆಂದು ತೋರಿಸಿದೆ. ಬಿದ್ದಳು, ಎದ್ದಳು, ನೀರು ಕುಡಿದಳು, ನಕ್ಕಳು. ಮರಳಲ್ಲಿ ಮನೆ ಕಟ್ಟುತ್ತಾ ತಲೆ ಎತ್ತದೆ, ನಾನು ಇಲ್ಲೇ ಇದ್ದರೆ ಶಾಲೆ ಬಿಟ್ಟ ಮೇಲೂ ಬರಬಹುದಾ ಎಂದು ಕೇಳಿದಳು. ದಿನಾ ಬರೋಣ ಎಂದೆ. ಆ ಕ್ಷಣಕ್ಕೆ ನನಗೆ ಈ ಊರು, ಈ ದೇಶ, ಮೂರು ವರ್ಷ, ಎಲ್ಲ ಒಪ್ಪಿಗೆಯಾಗಿತ್ತು. 

ಮಧ್ಯಾಹ್ನ ಮನೆಗೆ ಬಂದರೆ ಅಂಗಳದಲ್ಲಿ ಓಕ್ ಬ್ರೂಕ್‌ನ ಕಾರು. ಅದರ ಹಿಂದೆ, ಗುಂಪಿನಲ್ಲಿ ಜ್ವರದ ಸುದ್ದಿ ಓದಿ ಬಂದ ವಿಕ್ಸಮ್‌ನವರ ವ್ಯಾನು. ಮಲಗಿದ್ದ ಗಂಡ ಎದ್ದು ಬಾಗಿಲು ತೆಗೆದಿದ್ದ. ಒಳಗೆ ಮೆಣಸಿನ ಸಾರಿನ ವಾಸನೆ.

ಎಲ್ಲಿ ತಪ್ಪಿದೆ ಎಂದು ಆಗ ತಿಳಿಯಿತು. ಜ್ವರ ಅಂದರೆ ಬೇರೆಯವರು ದೂರ ಇರಬಹುದು. ಜ್ವರ ಅಂದಮೇಲೂ ಮನೆಯಲ್ಲಿ ಕೂತರೆ ಅವರು ನಮ್ಮವರೇ ಅಲ್ಲ. ನಾನು ಫೋನು ಮಾಡಿದ್ದು ಬರಬೇಡಿ ಅನ್ನುವುದಕ್ಕಲ್ಲ, ಓಡಿ ಬನ್ನಿ ಅನ್ನುವುದಕ್ಕೆ ಎಂಬ ಹಾಗೆ ಆಗಿತ್ತು. ನೀರು ತೊಟ್ಟಿಕ್ಕುವ ಕೂದಲಲ್ಲಿ ನಾನು ಬಾಗಿಲಲ್ಲಿ ನಿಂತಿದ್ದೆ. ಸುಳ್ಳು ಹಸಿಹಸಿಯಾಗಿ ಸಿಕ್ಕಿಬಿದ್ದಿತ್ತು. ಆಂಟಿ ಹತ್ತಿರ ಬಂದು ನನ್ನ ಹಣೆಗೆ ಕೈಯಿಟ್ಟರು. ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು.

"ಜ್ವರ ಇಟ್ಕೊಂಡು ನೀರಿಗಿಳಿದಿದೀರಲ್ಲಮ್ಮ. ಡಾಕ್ಟ್ರಾಗಿ ಹೀಗ್ ಮಾಡಿದ್ರೆ ಹೇಗೆ? ಹೋಗಿ ಮಲಕ್ಕೊಳ್ಳಿ."

ಮಲಗಿದೆ. ಇನ್ನೇನು ಮಾಡಲಿ? ಜುಲೈ ಸೆಕೆಯಲ್ಲಿ ರಗ್ಗು ಹೊದಿಸಿದರು. ಸಾರು ಅನ್ನ ತಂದು ಎದುರಿಗೆ ಕೂತು ತಿನ್ನಿಸಿದರು. ಮಗಳು ಬಾಗಿಲ ಸಂದಿಯಿಂದ ಇಣುಕಿದರೆ, ಅಮ್ಮನಿಗೆ ತೊಂದರೆ ಕೊಡಬಾರದು ಎಂದು ವಿಕ್ಸಮ್‌ನವರು ಕರೆದುಕೊಂಡು ಹೋದರು. ಒಮ್ಮೆ ಹೇಗೋ ನುಸುಳಿ ಬಂದು ಮಂಚದ ಪಕ್ಕ ನಿಂತಳು. ಬೆಳಗ್ಗೆ ಚೆನ್ನಾಗಿದ್ದೆಯಲ್ಲ, ಈಗ ಯಾಕೆ ಮಲಗಿದ್ದೀಯ ಎಂದು ಕೇಳಿದಳು. ಗೋಡೆಯಾಚೆ ಎಲ್ಲರೂ ಇದ್ದರು. ಸ್ವಲ್ಪ ಹುಷಾರಿಲ್ಲ ಎಂದು ಪಿಸುಗುಟ್ಟಿದೆ. ಅವಳು ನಂಬಲಿಲ್ಲ ಅನ್ನುವುದು ಕಣ್ಣಿನಲ್ಲೇ ಕಂಡಿತು. ಸಿಟ್ಟು ಕೂಡ ಮಾಡಲಿಲ್ಲ. ಸರಿ ಎಂದು ತಲೆಯಾಡಿಸಿ ಹೊರಗೆ ಹೋದಳು.

ಭಾನುವಾರ ಮಧ್ಯಾಹ್ನ ವಿಕ್ಸಮ್‌ನವರು ಹೊರಟರು. ಹೊರಡುವಾಗ ಹೊದ್ದ ಚಾದರಗಳನ್ನೆಲ್ಲ ತೆಗೆದು, ಮಡಿಸಿ, ವಾಷಿಂಗ್ ಮಶೀನಿನ ಮೇಲಿಟ್ಟರು. ಇಲ್ಲಿ ಒಳ್ಳೆಯ ಅತಿಥಿಗಳು ಹಾಗೆಯೇ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಗಂಡ ಕಾರಿಗೆ ಬ್ಯಾಗು ಇಡತೊಡಗಿದ. ನಾನು ಎದ್ದು ಬಂದೆ. ಹಾಲ್‌ನಲ್ಲಿ ಮಗಳು ಗಾಳಿಹಾಸಿಗೆಯ ಮುಂದೆ ಮಂಡಿಯೂರಿ ಕೂತು, ತನ್ನ ಮೀನುಗಳ ಚಿತ್ರದ ಚಾದರವನ್ನು ನಾಲ್ಕು ಮಡಿಕೆ ಮಾಡುತ್ತಿದ್ದಳು. ದಿಂಬಿನ ಕವರನ್ನೂ ತೆಗೆದಿದ್ದಳು. ಎರಡನ್ನೂ ಎತ್ತಿಕೊಂಡು ಹೋಗಿ ಮಶೀನಿನ ಮೇಲೆ, ಬೇರೆಯವರ ಚಾದರಗಳ ಮೇಲೆ ಇಟ್ಟಳು. ಬಂದು ನನ್ನ ಸೊಂಟ ತಬ್ಬಿಕೊಂಡಳು.

"ಥ್ಯಾಂಕ್ಯೂ ಫಾರ್ ಹ್ಯಾವಿಂಗ್ ಮಿ, ಅಮ್ಮಾ" ಎಂದಳು.

ಗೆಳತಿಯರ ಮನೆಯಿಂದ ಹೊರಡುವಾಗ ಹಾಗೆ ಹೇಳಬೇಕೆಂದು ಅವಳಿಗೆ ಕಲಿಸಿದ್ದೆವು. ಗಂಡ ಕಾರಿನ ಬಾಗಿಲು ಹಿಡಿದು ನಿಂತಿದ್ದವನು ನನ್ನ ಮುಖ ನೋಡಲಾರದೆ ರಸ್ತೆ ನೋಡಿದ. ಇನ್ನು ಅವಳನ್ನು ಏನೂ ಕೇಳಬೇಕಾಗಿರಲಿಲ್ಲ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈ ಬೀಸಿದೆ.

ಒಳಗೆ ಆಂಟಿ ಅಡುಗೆಮನೆಯಲ್ಲಿದ್ದರು. ನನ್ನನ್ನು ಈ ಸ್ಥಿತಿಯಲ್ಲಿ ಒಬ್ಬಳನ್ನೇ ಬಿಟ್ಟು ಹೋಗಲು ಮನಸ್ಸಿಲ್ಲವೆಂದು, ಮಂಗಳವಾರದವರೆಗೆ ಇರುತ್ತೇವೆ ಎಂದು ಅಂಕಲ್‌ಗೂ ಹೇಳಿ ಒಪ್ಪಿಸಿದ್ದರು. ಮಗು ತನ್ನ ಹಾಸಿಗೆ ತಾನೇ ಎತ್ತಿಟ್ಟಿತು, ಎಷ್ಟು ಚೆನ್ನಾಗಿ ಮ್ಯಾನರ್ಸ್ ಕಲಿಸಿದ್ದೀರಿ ಎಂದು ಹೊಗಳಿದರು. ಅಷ್ಟು ದಿನ ನುಂಗಿದ್ದೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

"ನನಗ ಜ್ವರ ಇಲ್ಲರಿ ಆಂಟಿ. ಮೊದಲಿಂದನೂ ಇರಲಿಲ್ಲ" ಎಂದೆ. 

ಆಂಟಿ ಸೌಟು ಕೆಳಗಿಟ್ಟರು. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತಮ್ಮ. ಹಣೆ ಮುಟ್ಟಿದಾಗ್ಲೇ ಗೊತ್ತಾಯ್ತು. ಒಬ್ರೇ ಇರ್ತೀರ, ಬನ್ನಿ ಅಂತ ಬಾಯ್ಬಿಟ್ಟು ಹೇಳೋಕೆ ಸಂಕೋಚ, ಅದಕ್ಕೇ ಜ್ವರ ಅಂತ ಹೇಳಿ ಕರೆಸ್ಕೊಂಡ್ರಿ ಅಂತ ಅಂದ್ಕೊಂಡೆ. ಯಾರ್ ಮುಂದೆನೂ ಹೇಳ್ಲಿಲ್ಲ ನಾನು."

ನನ್ನ ಮಾನ ಕಾಯಲು ಅವರು ಎರಡು ದಿನ ಸುಳ್ಳುಜ್ವರಕ್ಕೆ ಸಾರು ಕಾಯಿಸಿದ್ದರು. ಅವರ ಮುಖದಲ್ಲಿ ನನ್ನ ಮೇಲೆ ಬರೀ ಅಕ್ಕರೆಯಿತ್ತು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಬೈಯಲೂ ಜಾಗವಿರಲಿಲ್ಲ.

"ನಾನು ಕರೆದಿದ್ದು ನನ್ನ ಮಗಳನ್ನರಿ ಆಂಟಿ" ಎಂದೆ. "ನಿಮ್ಮನ್ನಲ್ಲ."

ಅವರು ಸ್ಟವ್ ಆರಿಸಿ, ಕೈ ತೊಳೆದುಕೊಂಡು, ಅಂಕಲ್‌ರನ್ನು ಎಬ್ಬಿಸಲು ಹೋದರು. ಕತ್ತಲಾಗುವ ಮೊದಲೇ ಹೊರಟರು. ಆಮೇಲೆ ಶಿಕಾಗೋ ಕಡೆಯಿಂದ ಯಾರೂ ಬರಲಿಲ್ಲ. ಡೆಟ್ರಾಯ್ಟ್ ಕಡೆಯಿಂದಲೂ ಇಲ್ಲ. ಆಗಸ್ಟಿನ ಶನಿವಾರಗಳೆಲ್ಲ ಖಾಲಿ ಬಿದ್ದವು, ಹಳದಿ ಕೋಣೆಯೂ ಖಾಲಿಯಿತ್ತು. ಬರುತ್ತೀಯಾ ಎಂದು ಫೋನಿನಲ್ಲಿ ಕೇಳಿದರೆ ಮಗಳು ಈಜಿನ ಕ್ಲಾಸು ಇದೆ ಅನ್ನುತ್ತಿದ್ದಳು, ಗೆಳತಿಯ ಬರ್ತ್‌ಡೇ ಇದೆ ಅನ್ನುತ್ತಿದ್ದಳು. ಬರುವುದಿಲ್ಲ ಎಂದು ಅವಳೂ ಒಮ್ಮೆಯೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ವಾರೆನ್‌ನ ಶಾಲೆಗೇ ಹೋದಳು.